ಮೇಲಿನ ಬೇಳೆ, ಒಳಗಿನ ಬೇಳೆ



ಹೋದ ತಿಂಗಳು ಈ ಪುಟದಲ್ಲಿ ಉದ್ರಿ ವ್ಯವಹಾರದ ಕುರಿತು ಬರೆದಿದ್ದೆವು. ಈ ತಿಂಗಳು ಸಿನೆಮಾದ ಕುರಿತು ಬರೆಯುತ್ತಿದ್ದೇವೆ. ದಿನಸಿ ಅಂಗಡಿಯ ಗಾದಿಯ ಮೇಲೆ ಕೂತವರಿಗೆ ಸಿನೆಮಾದ ಉಸಾಬರಿ ಏಕೆಂದು ಓದುಗರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಮಾತು ಎಲ್ಲಿಂದಲೋ ಹೊರಟು ಕೊನೆಗೆ ನಮ್ಮ ಅಂಗಡಿಯ ತೊಗರಿಬೇಳೆಯ ಚೀಲಕ್ಕೇ ಬಂದು ನಿಂತಿತು. ಆದ್ದರಿಂದ ಬರೆಯದೆ ಇರಲಾಗಲಿಲ್ಲ.

ನಮ್ಮ ಮೊಮ್ಮಗಳು ಪುಣೆಯ ಕಾಲೇಜೊಂದರಲ್ಲಿ ಬಿ.ಎ. ಕಡೆಯ ವರ್ಷ ಓದುತ್ತಾಳೆ. ವಿಷಯ ಮಾಧ್ಯಮ ಅಧ್ಯಯನ, ಅಂದರೆ ಪತ್ರಿಕೆ, ರೇಡಿಯೋ, ಟಿ.ವಿ., ಸಿನೆಮಾ ಇವುಗಳ ವಿದ್ಯೆ. ದೀಪಾವಳಿ ಸೂಟಿಗೆಂದು ಅಕ್ಕಲಕೋಟೆಗೆ ಬಂದವಳು, ಬಸದಿಯಲ್ಲಿ ನಿರ್ವಾಣ ಲಾಡು ಅರ್ಪಿಸಿ ಮನೆಗೆ ಬಂದ ದಿನವೇ ಮೊಬೈಲು ಮತ್ತು ಒಂದು ಉದ್ದನೆಯ ನೋಟುಬುಕ್ಕು ಹಿಡಿದು ಕೂತಳು. ಒಂದೇ ಟ್ರೇಲರನ್ನು ಹತ್ತು ಸಲ ನೋಡುವುದು, ನಡುವೆ ನಿಲ್ಲಿಸುವುದು, ಬರೆಯುವುದು. ಪಕ್ಕದಲ್ಲಿ ಹಳೆಯ ಸಿನೆಮಾ ಪತ್ರಿಕೆಗಳ ರಾಶಿ. ಅವಳ ಅಪ್ಪ, ಅಂದರೆ ನಮ್ಮ ಮಗ, ರಾತ್ರಿ ಅಂಗಡಿಯ ಬಾಗಿಲು ಹಾಕಿ ಬಂದವನು ಇದನ್ನು ಕಂಡು ಸಿಟ್ಟಾದ.

“ಫೀ ಕಟ್ಟೂದು ಇದಕ್ಕೇನು? ಸಿನೆಮಾ ನೋಡಾಕ ಪುಣೆಗೆ ಹೋಗಬೇಕಾಗಿತ್ತೇನು? ಬಿ.ಕಾಂ. ಮಾಡಿದ್ರ ಇಷ್ಟೊತ್ತಿಗೆ ಜಿ.ಎಸ್.ಟಿ. ಲೆಕ್ಕನರೆ ನೋಡತಿದ್ದಿ,” ಎಂದ. ಮುಂದೆ ಎಂ.ಎ. ಮಾಡಬೇಕೆಂಬ ಅವಳ ಆಸೆಗೂ ಅಲ್ಲಿಯೇ ಬೇಡವೆಂದುಬಿಟ್ಟ. ಹುಡುಗಿ ಉತ್ತರ ಕೊಡಲಿಲ್ಲ. ನೋಟುಬುಕ್ಕು ಮುಚ್ಚಿ ಎದ್ದು ಹೋದಳು.

ಮರುದಿನ ಮುಂಜಾನೆ ನಾವು ಆ ನೋಟುಬುಕ್ಕು ತರಿಸಿ ನೋಡಿದೆವು. ವಹಿ ಕಂಡರೆ ತೆರೆದು ನೋಡುವುದು ವ್ಯಾಪಾರಿಯ ಚಾಳಿ. ನೋಡಿದರೆ ಅದು ನಮ್ಮ ರೋಜಕೀರ್ದಿಯಂತೆಯೇ ಇತ್ತು! ಗೆರೆ ಹೊಡೆದು ಪುಟವನ್ನು ಐದು ಮನೆ ಮಾಡಿದ್ದಳು. ಎಷ್ಟನೆಯ ಸೆಕೆಂಡು, ಏನು ಕಾಣುತ್ತದೆ, ಏನು ಕೇಳುತ್ತದೆ, ತೆರೆಯ ಮೇಲೆ ಯಾವ ಅಕ್ಷರ ಬಂತು, ನೋಡುವವನಿಗೆ ಏನನ್ನಿಸಲಿ ಎಂದು ಹಾಗೆ ಮಾಡಿದ್ದಾರೆ. ಒಂದೊಂದು ಟ್ರೇಲರಿಗೆ ಮೂರು ನಾಲ್ಕು ಪುಟ.

ಕಾಲೇಜಿನವರು ಕೊಟ್ಟ ಕೆಲಸವನ್ನು ಅವಳು ನಮಗೆ ಕನ್ನಡದಲ್ಲಿ ತಿಳಿಸಿ ಹೇಳಿದಳು. ಇಲ್ಲದ ಒಂದು ಸಿನೆಮಾವನ್ನು ಕಲ್ಪಿಸಿಕೊಂಡು, ಅದಕ್ಕೆ ಒಂದೂವರೆ ನಿಮಿಷದ ಟ್ರೇಲರನ್ನೂ, ಅದೇ ಸಿನೆಮಾದ ಚಿತ್ರವಿರುವ ಒಂದು ಪತ್ರಿಕೆಯ ಮುಖಪುಟವನ್ನೂ ತಯಾರಿಸಬೇಕು. ಆದರೆ ಅದಕ್ಕಿಂತ ಮೊದಲು, ಇದುವರೆಗೆ ಬಂದಿರುವ ಟ್ರೇಲರುಗಳನ್ನೂ ಮುಖಪುಟಗಳನ್ನೂ ಅಭ್ಯಾಸ ಮಾಡಿ, ಅವು ಜನರನ್ನು ಹೇಗೆ ಸೆಳೆಯುತ್ತವೆ ಎಂದು ಬರೆದು ಒಪ್ಪಿಸಬೇಕು. ಅವಳ ಪದ್ಧತಿಯೂ ಅಚ್ಚುಕಟ್ಟಾಗಿತ್ತು. ಮೊದಲ ಸಲ ಸುಮ್ಮನೆ ನೋಡುವುದು. ಎರಡನೆಯ ಸಲ ಧ್ವನಿ ಬಂದ್ ಮಾಡಿ ನೋಡುವುದು. ಮೂರನೆಯ ಸಲ ಮೊಬೈಲನ್ನು ಬೋರಲು ಹಾಕಿ ಬರೇ ಕಿವಿಯಿಂದ ಕೇಳುವುದು. ನಾವೂ ಹಾಗೆ ಮಾಡಿ ನೋಡಿದೆವು. ಧ್ವನಿ ತೆಗೆದರೆ ಹೆದರಿಕೆಯ ದೃಶ್ಯದಲ್ಲಿ ಅರ್ಧ ಹೆದರಿಕೆ ಇರುವುದೇ ಇಲ್ಲ!

ಟ್ರೇಲರ್ ಎಂದರೆ ನಮ್ಮ ಕಬ್ಬಿನ ಸೀಮೆಯವರಿಗೆ ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಗಾಡಿ. ಸಿನೆಮಾಕ್ಕೆ ಈ ಹೆಸರು ಬಂದದ್ದೂ ಅದೇ ಅರ್ಥದಲ್ಲಿ ಎಂದು ತಿಳಿದು ನಮಗೆ ಸಂತೋಷವಾಯಿತು. ಅಮೇರಿಕೆಯಲ್ಲಿ 1910ರ ದಶಕದಲ್ಲಿ ಈ ಪದ್ಧತಿ ಶುರುವಾದಾಗ ಮುಂದೆ ಬರುವ ಚಿತ್ರದ ತುಣುಕನ್ನು ಅಂದಿನ ಆಟ ಮುಗಿದ ಮೇಲೆ, ಹಿಂದಿನಿಂದ ತೋರಿಸುತ್ತಿದ್ದರಂತೆ. ಆಟ ಮುಗಿದೊಡನೆ ಜನ ಎದ್ದು ಹೋಗುವುದನ್ನು ಕಂಡು ಅದನ್ನು ಮೊದಲಿಗೆ ತಂದರು. ಹೆಸರು ಮಾತ್ರ ಹಿಂದಿನದೇ ಉಳಿಯಿತು. 1919ರಲ್ಲಿ ಅಲ್ಲಿ ಟ್ರೇಲರ್ ತಯಾರಿಸಿ ಹಂಚುವುದಕ್ಕೆಂದೇ ‘ನ್ಯಾಷನಲ್ ಸ್ಕ್ರೀನ್ ಸರ್ವಿಸ್’ ಎಂಬ ಕಂಪನಿ ಹುಟ್ಟಿತು. ಅಂದರೆ ನಮೂನೆ ತೋರಿಸುವುದೇ ಒಂದು ದಂಧೆಯಾಯಿತು.

ನಾವು ಚಿಕ್ಕವರಿದ್ದಾಗ ನಮ್ಮ ಊರುಗಳಲ್ಲಿ ಟ್ರೇಲರಿನ ಕೆಲಸವನ್ನು ಟಾಂಗಾ ಮಾಡುತ್ತಿತ್ತು. ಎರಡೂ ಬದಿಗೆ ಪೋಸ್ಟರು ಕಟ್ಟಿ, ಧ್ವನಿವರ್ಧಕದಲ್ಲಿ ಕೂಗುತ್ತ, ಬಣ್ಣದ ಹಸ್ತಪತ್ರಿಕೆ ತೂರುತ್ತ ಹೋಗುತ್ತಿದ್ದರು. ಹಿಂದೆ ನಾವು ಹುಡುಗರು. ಟಾಕೀಜಿನ ಬಾಗಿಲಲ್ಲಿ ಹಾಡಿನ ಪುಸ್ತಕ ಮಾರುತ್ತಿದ್ದರು. ಅದರಲ್ಲಿ ಕಥೆಯನ್ನು ಅರ್ಧದವರೆಗೆ ಬರೆದು, ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿರಿ ಎಂದು ಮುಗಿಸುತ್ತಿದ್ದುದು ನಮ್ಮ ವಯಸ್ಸಿನ ಓದುಗರಿಗೆ ನೆನಪಿರಬಹುದು. ಅಂಥ ಹಾಡಿನ ಪುಸ್ತಕಗಳನ್ನೂ ಪೋಸ್ಟರುಗಳನ್ನೂ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಕಾಪಾಡಿ ಇಟ್ಟಿದ್ದಾರೆ. 1964ರಲ್ಲಿ ಸ್ಥಾಪನೆಯಾದ ಸಂಸ್ಥೆಯದು. ಮೊಮ್ಮಗಳು ಅಲ್ಲಿಗೂ ಹೋಗಿ ಟಿಪ್ಪಣಿ ಮಾಡಿಕೊಂಡು ಬಂದಿದ್ದಳು.

ಅವಳ ಟಿಪ್ಪಣಿಯಲ್ಲಿ ಒಂದು ಸಂಗತಿ ನಮ್ಮ ಕಣ್ಣಿಗೆ ಬಿತ್ತು. ದಾದಾಸಾಹೇಬ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ 1913ರ ಮೇ 3ರಂದು ಮುಂಬಯಿಯಲ್ಲಿ ಸಾರ್ವಜನಿಕರಿಗೆ ತೆರೆ ಕಂಡಿತು. ಆರೇಳು ತಾಸಿನ ನಾಟಕಕ್ಕೆ ರೂಢಿಯಾಗಿದ್ದ ಜನ ಇಷ್ಟು ಸಣ್ಣ ಆಟಕ್ಕೆ ದುಡ್ಡು ಕೊಡಲು ಹಿಂದೆ ಮುಂದೆ ನೋಡಿದಾಗ, ಫಾಲ್ಕೆಯವರು ಒಂದು ಜಾಹೀರಾತು ಕೊಟ್ಟರಂತೆ: 57,000 ಫೋಟೋಗಳು, ಎರಡು ಮೈಲು ಉದ್ದದ ಚಿತ್ರ, ಎಲ್ಲ ಸೇರಿ ಮೂರೇ ಆಣೆ ಎಂಬ ಅರ್ಥದ್ದು.

ಅಳತೆಯ ಮಾತು ಬಂದರೆ ನಮ್ಮ ಕೈ ಪೆನ್ಸಿಲಿಗೆ ಹೋಗುತ್ತದೆ. “ಒಂದು ಫೂಟಿಗೆ ಎಷ್ಟು ಫೋಟೋ ಕೂಡತಾವ?” ಎಂದು ಕೇಳಿದೆವು. ಹದಿನಾರು ಎಂದಳು. 57,000ವನ್ನು 16ರಿಂದ ಭಾಗಿಸಿದರೆ ಸುಮಾರು 3,560 ಫೂಟು. ಒಂದು ಮೈಲಿಗೆ 5,280 ಫೂಟು, ಎರಡು ಮೈಲಿಗೆ 10,560. ಫೋಟೋದ ಲೆಕ್ಕ ಸರಿಯಾದರೆ ಚಿತ್ರದ ಉದ್ದ ಮುಕ್ಕಾಲು ಮೈಲೂ ಆಗುವುದಿಲ್ಲ! ಫಾಲ್ಕೆಯವರು ಮಹಾ ಸಾಹಸಿಗಳು. ಅವರ ದೊಡ್ಡಸ್ತಿಕೆಗೆ ಇದರಿಂದ ಕುಂದಿಲ್ಲ. ಆದರೂ ಸತ್ಯ ಹರಿಶ್ಚಂದ್ರನ ಚಿತ್ರವನ್ನು ಮಾರುವುದಕ್ಕೇ ಅಳತೆ ಹಿಗ್ಗಿಸಬೇಕಾಯಿತಲ್ಲ ಎಂದು ಅಜ್ಜ ಮೊಮ್ಮಗಳು ಇಬ್ಬರೂ ಮನಸಾರೆ ನಕ್ಕೆವು. ಹಿಂದಿನ ರಾತ್ರಿಯಿಂದ ಅವಳು ನಕ್ಕದ್ದು ಅದೇ ಮೊದಲು.

ಆಮೇಲೆ ಅವಳು ಆಲ್ಫ್ರೆಡ್ ಹಿಚ್‌ಕಾಕ್ ಎಂಬ ನಿರ್ದೇಶಕರ ‘ಸೈಕೋ’ ಚಿತ್ರದ ಟ್ರೇಲರ್ ತೋರಿಸಿದಳು. 1960ರದು. ಆರು ನಿಮಿಷಕ್ಕೂ ಹೆಚ್ಚು ಉದ್ದ. ನಿರ್ದೇಶಕರೇ ಖುದ್ದಾಗಿ ಬಂದು, ಮನೆ ತೋರಿಸುವ ದಲಾಲಿಯ ಹಾಗೆ, ಕಥೆ ನಡೆದ ಮನೆಯನ್ನು ಕೋಣೆ ಕೋಣೆಯಾಗಿ ತೋರಿಸುತ್ತಾರೆ. ಮುಖ್ಯ ಮಾತು ಬಂದಾಗಲೆಲ್ಲ ಅರ್ಧಕ್ಕೇ ನಿಲ್ಲಿಸುತ್ತಾರೆ. ಕೊನೆಗೆ ಸ್ನಾನದ ಕೋಣೆಯ ಪರದೆ ಸರಿಸಿದರೆ ಒಬ್ಬ ಹೆಂಗಸು ಚೀರುತ್ತಾಳೆ. ಚಿತ್ರದಲ್ಲಿ ಆ ಜಾಗದಲ್ಲಿ ಇರುವ ನಟಿ ಜ್ಯಾನೆಟ್ ಲೀ. ಟ್ರೇಲರಿನಲ್ಲಿ ಚೀರುವವರು ವೇರಾ ಮೈಲ್ಸ್ ಎಂಬ ಬೇರೆ ನಟಿ, ಕೃತಕ ಕೂದಲು ಧರಿಸಿ ನಿಂತವರು.

ಇಲ್ಲಿ ನಾವು ಅವಳಿಗೊಂದು ಮಾತು ಹೇಳಿದೆವು. “ನೋಡವ್ವಾ, ಮುಚ್ಚಿಡೂದು ಬ್ಯಾರೆ, ಬದಲಿ ಇಡೂದು ಬ್ಯಾರೆ. ಹಾಡಿನ ಪುಸ್ತಕದವರು ಅರ್ಧ ಕಥೆ ಮುಚ್ಚಿಟ್ರು, ಆದ್ರ ಹೇಳಿದ ಅರ್ಧ ಖರೇನ ಇತ್ತು. ಇವರು ಒಬ್ಬರ ಜಾಗಾದಾಗ ಇನ್ನೊಬ್ಬರನ್ನ ನಿಂದ್ರಿಸ್ಯಾರ.” ಸಿನೆಮಾದ ಮೋಜಿಗೆ ಮಾಡಿದ್ದು, ಯಾರಿಗೂ ನಷ್ಟವಾಗಲಿಲ್ಲ, ಇರಲಿ. ಆದರೆ ಭೇದ ಭೇದವೇ. ಹುಡುಗಿ ಈ ಎರಡು ಮಾತುಗಳನ್ನು ನೋಟುಬುಕ್ಕಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಂಡಳು. ತಾನು ನೋಡಿದ ಟ್ರೇಲರುಗಳನ್ನೆಲ್ಲ ಇನ್ನು ಈ ಎರಡು ಖಾತೆಗಳಲ್ಲಿ ಹಂಚಿ ಬರೆಯುತ್ತೇನೆ ಎಂದಳು.

ಮುಖಪುಟಗಳ ವಿಷಯಕ್ಕೆ ಬಂದೆವು. ಪತ್ರಿಕೆಯ ಹೆಸರು ಎಷ್ಟು ದೊಡ್ಡದು, ನಟಿಯ ತಲೆ ಹೆಸರಿನ ಮೇಲೆ ಬಂದಿದೆಯೋ ಕೆಳಗೋ, ಕಣ್ಣು ನೇರವಾಗಿ ನಮ್ಮನ್ನು ನೋಡುತ್ತವೆಯೋ ಇಲ್ಲವೋ, ಬದಿಗೆ ಎಷ್ಟು ತಲೆಬರಹಗಳಿವೆ ಎಂದೆಲ್ಲ ಅವಳು ಪಟ್ಟಿ ಮಾಡಿದ್ದಳು. ನಾವು ಕೇಳಿದೆವು, “ಇದೆಲ್ಲಾ ಚೀಲದ ಮ್ಯಾಲಿನ ಅಕ್ಷರ ಆತು. ಒಳಗಿನ ಮಾಲು ತೂಗಿ ನೋಡೀಯೇನು?” ಅವಳು ನೋಡಿರಲಿಲ್ಲ. ಆ ಮಧ್ಯಾಹ್ನ ಇಬ್ಬರೂ ಕೂತು ಮುಖಪುಟದ ಒಂದೊಂದು ತಲೆಬರಹವನ್ನೂ ಒಳಗಿನ ಲೇಖನದೊಂದಿಗೆ ತಾಳೆ ನೋಡಿದೆವು. ಒಂದು ಪತ್ರಿಕೆಯ ಮುಖಪುಟದಲ್ಲಿ ನಟನೊಬ್ಬನ ಗುಟ್ಟು ಬಯಲಾಯಿತೆಂದು ಕೆಂಪು ಅಕ್ಷರದಲ್ಲಿತ್ತು. ಒಳಗೆ ಹುಡುಕಿದರೆ ಹನ್ನೊಂದೇ ಸಾಲು, ಅದರಲ್ಲಿ ಗುಟ್ಟೂ ಇಲ್ಲ, ಬಯಲೂ ಇಲ್ಲ! ಸಂಪಾದಕರು ಕ್ಷಮಿಸಬೇಕು, ನಮ್ಮ ಈ ಮಾಸಪತ್ರಿಕೆಯ ಒಂದು ಹಳೆಯ ಸಂಚಿಕೆಯನ್ನೂ ಅವಳು ಬಿಡಲಿಲ್ಲ. ಮುಖಪುಟದಲ್ಲಿ ಸುಂದರವಾದ ಬಸದಿಯ ಚಿತ್ರವಿತ್ತು, ಒಳಗೆ ಆ ಬಸದಿಯ ಬಗ್ಗೆ ಒಂದು ಸಾಲೂ ಇರಲಿಲ್ಲ.

ಜಗತ್ತಿನ ದೊಡ್ಡ ಪತ್ರಿಕೆಗಳೂ ಇದಕ್ಕೆ ಹೊರತಲ್ಲ. 1982ರ ಫೆಬ್ರುವರಿಯ ‘ನ್ಯಾಷನಲ್ ಜಿಯಾಗ್ರಫಿಕ್’ ಮುಖಪುಟದಲ್ಲಿ ಈಜಿಪ್ತಿನ ಪಿರಮಿಡ್ಡುಗಳ ಚಿತ್ರವಿತ್ತು. ಅಡ್ಡಲಾಗಿ ತೆಗೆದ ಫೋಟೋ ಉದ್ದನೆಯ ಪುಟಕ್ಕೆ ಹೊಂದಲಿ ಎಂದು ಎರಡು ಪಿರಮಿಡ್ಡುಗಳನ್ನು ಚಿತ್ರದಲ್ಲಿ ಹತ್ತಿರ ಸರಿಸಿದ್ದರು. ಸಾವಿರಾರು ವರ್ಷ ಕದಲದೆ ನಿಂತ ಕಲ್ಲನ್ನು ಮುಖಪುಟದ ಸಲುವಾಗಿ ಸರಿಸಿದರು! ಅದಕ್ಕೆ ಬಹಳ ಟೀಕೆ ಬಂತು. 1994ರ ಜೂನ್ 27ರ ಸಂಚಿಕೆಗಳಲ್ಲಿ ‘ಟೈಮ್’ ಮತ್ತು ‘ನ್ಯೂಸ್‌ವೀಕ್’ ಎರಡೂ ಕೊಲೆಯ ಆರೋಪಿಯಾಗಿದ್ದ ಆಟಗಾರ ಓ.ಜೆ. ಸಿಂಪ್ಸನ್ ಅವರ ಒಂದೇ ಪೊಲೀಸ್ ಫೋಟೋವನ್ನು ಮುಖಪುಟದಲ್ಲಿ ಹಾಕಿದವು. ‘ಟೈಮ್’ನಲ್ಲಿ ಆ ಮುಖವನ್ನು ಇನ್ನಷ್ಟು ಕಪ್ಪು ಮಾಡಲಾಗಿತ್ತು. ಎರಡು ಪತ್ರಿಕೆಗಳನ್ನು ಪಕ್ಕ ಪಕ್ಕ ಇಟ್ಟಾಗ ಜನಕ್ಕೆ ತಿಳಿಯಿತು. ನ್ಯಾಯಾಲಯ ವಿಚಾರಿಸುವ ಮೊದಲೇ ಮುಖಪುಟ ತೀರ್ಪು ಕೊಟ್ಟಂತಾಯಿತು ಎಂದು ದೊಡ್ಡ ಗದ್ದಲವೆದ್ದಿತು. ಅದಕ್ಕೇ ಹೇಳುವುದು, ನಮೂನೆಯನ್ನು ಒಂಟಿಯಾಗಿ ನೋಡಬಾರದು, ಇನ್ನೊಂದರ ಪಕ್ಕ ಇಟ್ಟು ನೋಡಬೇಕು.

ಸಂಜೆ ಮಗನೂ ಬಂದು ಕೂತ. ಮಾತು ಕಾಯಿದೆಯ ಕಡೆ ಹೊರಳಿತು. ನಮೂನೆ ತೋರಿಸಿ ಮಾಲು ಮಾರಿದರೆ ಇಡೀ ಮಾಲು ನಮೂನೆಯ ಗುಣಕ್ಕೆ ಸರಿಹೊಂದಬೇಕು, ತಾಳೆ ನೋಡಲು ಕೊಳ್ಳುವವನಿಗೆ ಅವಕಾಶ ಇರಬೇಕು ಎಂದು 1930ರ ಸರಕು ಮಾರಾಟ ಕಾಯಿದೆಯ 17ನೆಯ ಕಲಮು ಹೇಳುತ್ತದೆ. ಅಡತಿ ಮಾಡುವವರಿಗೆಲ್ಲ ಇದು ಗೊತ್ತು. ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿ ನಡುವಿನ ಕಾಳು ತೆಗೆದು ನೋಡುವುದು ಇದಕ್ಕಾಗಿಯೇ. “ಹಂಗಾದ್ರ ಸಿನೆಮಾಕ್ಕೂ ಇದ ಕಾಯ್ದೆ ಇರಬೇಕಲ್ಲ,” ಎಂದ ಮಗ.

ಇಲ್ಲ ಎಂದಳು ಮೊಮ್ಮಗಳು. 2016ರ ‘ಫ್ಯಾನ್’ ಎಂಬ ಹಿಂದಿ ಚಿತ್ರದ ಪ್ರಚಾರದಲ್ಲಿ ತೋರಿಸಿದ ಹಾಡು ಚಿತ್ರದಲ್ಲಿ ಇರಲಿಲ್ಲ. ನಮ್ಮ ಮಹಾರಾಷ್ಟ್ರದ ಪ್ರೇಕ್ಷಕಿಯೊಬ್ಬರು ಗ್ರಾಹಕರ ವೇದಿಕೆಗೆ ಹೋದರು. ಜಿಲ್ಲೆಯಲ್ಲಿ ಅವರ ದೂರು ನಿಲ್ಲಲಿಲ್ಲ. ರಾಜ್ಯ ಆಯೋಗ 10,000 ರೂಪಾಯಿ ಪರಿಹಾರ, 5,000 ರೂಪಾಯಿ ಖರ್ಚು ಕೊಡಲು ಹೇಳಿತು. ರಾಷ್ಟ್ರೀಯ ಆಯೋಗ ಅದನ್ನೇ ಎತ್ತಿಹಿಡಿಯಿತು. ಆದರೆ 2024ರ ಏಪ್ರಿಲ್ 22ರಂದು ಸರ್ವೋಚ್ಚ ನ್ಯಾಯಾಲಯ ಆ ಆದೇಶವನ್ನು ರದ್ದು ಮಾಡಿತು. ಪ್ರಚಾರದ ಟ್ರೇಲರ್ ಟಿಕೀಟು ಕೊಳ್ಳಲು ಹುರಿದುಂಬಿಸುವಂಥದು, ಅದರಿಂದಲೇ ಕರಾರು ಹುಟ್ಟುವುದಿಲ್ಲ, ಅದರಲ್ಲಿ ಕಂಡದ್ದು ಚಿತ್ರದಲ್ಲಿ ಇಲ್ಲವಾದ ಮಾತ್ರಕ್ಕೆ ಸೇವೆಯ ಲೋಪವಾಗದು ಎಂದು ತೀರ್ಪಾಯಿತು. ಕಲೆಯ ಕೆಲಸಕ್ಕೆ ಬೇಳೆಯ ಕಾಯಿದೆ ಹಚ್ಚಲಾಗದು ಎಂಬುದು ನಮಗೂ ಒಪ್ಪಿಗೆಯಾಯಿತು.

ಆಗ ಹುಡುಗಿ ಕೇಳಿದಳು, “ಅಜ್ಜಾ, ನಮ್ಮ ಅಂಗಡ್ಯಾಗ ಚೀಲದ ಬಾಯಿ ಮಡಚಿ ಮ್ಯಾಲ ದಪ್ಪ ಬ್ಯಾಳಿ ಹರವಿ ಇಟ್ಟಿರತೀರೆಲ್ರಿ, ಅದು ಮುಚ್ಚಿಟ್ಟದ್ದೋ, ಬದಲಿ ಇಟ್ಟದ್ದೋ?”

ಮಗ ನಮ್ಮ ಮುಖ ನೋಡಿದ. ನಾವು ಅವನ ಮುಖ ನೋಡಿದೆವು. ಇಬ್ಬರ ಬಾಯಲ್ಲೂ ಉತ್ತರ ಇರಲಿಲ್ಲ.

ಇಷ್ಟು ವರ್ಷ ಮನೆಯಲ್ಲಿ ಯಾರಿಗೂ ಹೇಳದ ಒಂದು ಸಂಗತಿಯನ್ನು ಆ ಸಂಜೆ ಅವರಿಬ್ಬರಿಗೂ ಹೇಳಿದೆವು. ಓದುಗರಿಗೂ ಹೇಳುತ್ತೇವೆ. 1989ರ ಮಾತು. ಮಳೆಗಾಲ ಕಳೆದ ಹಳೆಯ ಬೇಳೆ ಕೆಲವು ಚೀಲ ಉಳಿದಿತ್ತು. ಮೇಲೆ ನಾಲ್ಕು ಬೊಗಸೆ ಹೊಸ ಬೇಳೆ ಹರವಿ ಇಟ್ಟೆವು. ತಂದೆಯವರಿಗೆ ಹೇಳಲಿಲ್ಲ. ಖಾನಾವಳಿ ನಡೆಸುತ್ತಿದ್ದ ಒಬ್ಬ ಮುದುಕಿ ಮೇಲಿನದನ್ನು ನೋಡಿ ಎರಡು ಚೀಲ ಒಯ್ದಳು. ನಾಲ್ಕನೆಯ ದಿನ ತಿರುಗಿ ಬಂದಳು. ಜಗಳ ಮಾಡಲಿಲ್ಲ. “ಸಾವ್ಕಾರ್ರ, ರೊಕ್ಕಕ್ಕ ಬಂದಿಲ್ರಿ. ಜೈನರ ಅಂಗಡಿ ಅಂತ ಚೀಲ ಬಿಚ್ಚಿ ನೋಡಲಾರದ ಒಯ್ದಿದ್ದೆ. ಹುಳ ಇದ್ದ ಬ್ಯಾಳಿ ಬೇಯಿಸಿದ ಪಾಪ ನನಗೂ ಹತ್ತಿತು, ನಿಮಗೂ ಹತ್ತಿತು,” ಎಂದಳು. ಒಳಗೆ ಗಾದಿಯ ಮೇಲಿದ್ದ ತಂದೆಯವರ ಕಿವಿಗೆ ಇದು ಬಿತ್ತು. ಅವರು ಎದ್ದು ಬಂದು ಪೂರ್ತಿ ಹಣ ಎಣಿಸಿ ಅವಳ ಕೈಗೆ ಕೊಟ್ಟರು. ನಮಗೆ ಒಂದು ಮಾತೂ ಅನ್ನಲಿಲ್ಲ. ಮರುದಿನ ಉಪವಾಸ ಮಾಡಿದರು. ಅವರು ಬೈದಿದ್ದರೆ ನಾವು ಎಂದೋ ಮರೆತುಬಿಡುತ್ತಿದ್ದೆವು.

ಅಚೌರ್ಯ ಅಣುವ್ರತಕ್ಕೆ ಐದು ಅತಿಚಾರಗಳನ್ನು ಉಮಾಸ್ವಾಮಿ ಆಚಾರ್ಯರು ತತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹೇಳಿದ್ದಾರೆ. ಅಳತೆ ತೂಕದಲ್ಲಿ ಹೆಚ್ಚು ಕಡಿಮೆ ಮಾಡುವ ಹೀನಾಧಿಕ ಮಾನೋನ್ಮಾನ ಅದರಲ್ಲಿ ಒಂದು. ಒಂದನ್ನು ತೋರಿಸಿ ಇನ್ನೊಂದನ್ನು ದಾಟಿಸುವ ಪ್ರತಿರೂಪಕ ವ್ಯವಹಾರ ಇನ್ನೊಂದು. ಚಿಕ್ಕಂದಿನಿಂದ ಬಾಯಿಪಾಠ ಮಾಡಿದ ಹೆಸರುಗಳು. ಇವುಗಳನ್ನು ಕಳ್ಳತನದ ವ್ರತದ ಕೆಳಗೆ ಏಕೆ ಇಟ್ಟರೆಂದು ನಾವು ವಿಚಾರ ಮಾಡಿರಲಿಲ್ಲ. ಆ ಮುದುಕಿ ನಂಬಿದ್ದು ಬೇಳೆಯನ್ನಲ್ಲ, ಜೈನರ ಅಂಗಡಿ ಎಂಬ ಹೆಸರನ್ನು. ನಮ್ಮ ಅಂಗಡಿಗಳ ಮೇಲೆ ಮಹಾವೀರ, ಪಾರ್ಶ್ವನಾಥ, ಶಾಂತಿನಾಥ ಎಂದು ಬೋರ್ಡು ಬರೆಸುತ್ತೇವೆ. ಅದು ನಮ್ಮ ಮುಖಪುಟ. ಮೇಲೆ ಭಗವಂತರ ಹೆಸರು, ಒಳಗೆ ಹುಳುಕು ಬೇಳೆ ಇದ್ದರೆ ಹನ್ನೊಂದು ಸಾಲಿನ ಆ ಪತ್ರಿಕೆಯವರನ್ನು ನಗುವ ಹಕ್ಕು ನಮಗೆಲ್ಲಿ? ಸಿನೆಮಾದವರನ್ನು ಕಾಯಿದೆ ಬಿಟ್ಟಿತು. ಅಣುವ್ರತ ತೆಗೆದುಕೊಂಡ ವ್ಯಾಪಾರಿಯನ್ನು ವ್ರತ ಬಿಡುವುದಿಲ್ಲ.

ಮಕ್ಕಳಿಗೆ ಇಂಥ ಅಭ್ಯಾಸದ ಕೆಲಸ ಬಂದ ಮನೆಗಳವರಿಗೆ ಎರಡು ಮಾತು. ಮಗು ಮೊಬೈಲಿನಲ್ಲಿ ಸಿನೆಮಾ ನೋಡುತ್ತಿದೆ ಎಂದು ಒಮ್ಮೆಲೇ ಗದರಬೇಡಿ, ನೋಟುಬುಕ್ಕು ತೆರೆಸಿ ನೋಡಿ. ಟ್ರೇಲರ್ ನೋಡಿದ ಮೇಲೆ ಪೂರ್ತಿ ಚಿತ್ರ ನೋಡಿ ತಾಳೆ ಹಾಕಲು, ಮುಖಪುಟ ನೋಡಿದ ಮೇಲೆ ಒಳಪುಟ ಓದಲು ಹೇಳಿ. ಮನೆಯ ಟ್ರಂಕಿನಲ್ಲಿ ಹಳೆಯ ಸುಧಾ, ಮಯೂರ, ತರಂಗ ಇದ್ದರೆ ರದ್ದಿಗೆ ಹಾಕದೆ ಅವರ ಕೈಗೆ ಕೊಡಿ. ಸುಧಾ 1965ರಿಂದಲೂ, ಮಯೂರ 1968ರಿಂದಲೂ, ತರಂಗ 1983ರಿಂದಲೂ ಬಂದವು. ಗಡಿಯಾಚೆಯ ನಮ್ಮ ಮನೆಗಳಲ್ಲಿ ಕನ್ನಡ ಉಳಿಸಿದ ಪತ್ರಿಕೆಗಳಲ್ಲಿ ಅವೂ ಸೇರಿವೆ, ಮಕ್ಕಳು ಅಷ್ಟು ಕನ್ನಡವನ್ನಾದರೂ ಓದಿಯಾರು. ಚಿಕ್ಕ ಮಕ್ಕಳಿದ್ದರೆ ಒಂದು ಎಚ್ಚರಿಕೆ. ಟಾಕೀಜಿನಲ್ಲಿ ತೋರಿಸುವ ಟ್ರೇಲರಿಗೆ ಸೆನ್ಸಾರ್ ಮಂಡಳಿಯ ಪ್ರಮಾಣಪತ್ರ ಬೇಕು. ಮೊಬೈಲಿನಲ್ಲಿ ಬರುವುದಕ್ಕೆ ಆ ಮಂಡಳಿಯ ತಡೆ ಇಲ್ಲ. ಹೊಡೆದಾಟ, ರಕ್ತ ಎಲ್ಲವೂ ಕರೆಯದೆ ಮನೆಯೊಳಗೆ ಬರುತ್ತದೆ. ಹಿರಿಯರೊಬ್ಬರು ಪಕ್ಕದಲ್ಲಿ ಕೂತಿರುವುದು ಒಳ್ಳೆಯದು.

ಮರುದಿನ ನಾವು ಅಂಗಡಿಗೆ ಹೋಗುವಷ್ಟರಲ್ಲಿ ಮಗ ಮೇಲೆ ಹರವಿದ್ದ ದಪ್ಪ ಬೇಳೆಯನ್ನು ಬೇರೆ ಡಬ್ಬಿಗೆ ಸುರಿದು ಅದರ ದರವನ್ನು ಬೇರೆ ಬರೆದಿಟ್ಟಿದ್ದ. ಚೀಲದಲ್ಲಿ ಒಳಗಿದ್ದ ಬೇಳೆಯೇ ಮೇಲೂ ಇತ್ತು. ನೋಡಲು ಅಷ್ಟು ಚಂದ ಕಾಣುತ್ತಿರಲಿಲ್ಲ. ಅಂದು ಗಿರಾಕಿಗಳಿಬ್ಬರು ನೋಡಿ ಮುಂದೆ ಹೋದದ್ದನ್ನೂ ಮುಚ್ಚಿಡದೆ ಬರೆಯುತ್ತೇವೆ.

ಮೊಮ್ಮಗಳು ಪುಣೆಯ ಬಸ್ಸು ಹತ್ತುವ ದಿನ ಮಗನೇ ಸ್ಟ್ಯಾಂಡಿನವರೆಗೆ ಹಳೆಯ ಪತ್ರಿಕೆಗಳ ಗಂಟು ಹೊತ್ತು ಬಂದ. ಬಸ್ಸು ಬಿಡುವ ಮುಂಚೆ ಕಿಟಕಿಯ ಹತ್ತಿರ ಹೋಗಿ, “ಎಂ.ಎ.ದ ಫಾರ್ಮು ಯಾವಾಗ ಬಿಡತಾರ?” ಎಂದು ಕೇಳಿದ. ಅವಳು ಏನು ಹೇಳಿದಳೋ ಬಸ್ಸಿನ ಸದ್ದಿನಲ್ಲಿ ನಮಗೆ ಕೇಳಲಿಲ್ಲ.

ಮುಂದಿನ ತಿಂಗಳು ಮತ್ತೆ ಕಾಣೋಣ. ಜಯ ಜಿನೇಂದ್ರ.